ಮನೆಯಲ್ಲೇ ಹಣ್ಣು ಮತ್ತು ಪರಿಮಳದ ಸೊಪ್ಪಿನ ಸ್ಮೂಥಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಮೂಥಿ ಮಾಡಲು ಅಡುಗೆ ಬರಬೇಕೆಂದಿಲ್ಲ, ಆದರೆ ಹಣ್ಣಿನ ಗುಣ ಗೊತ್ತಿರಬೇಕು. ಸಿಕ್ಕಿದ್ದನ್ನೆಲ್ಲ ಜಾರಿಗೆ ಸುರಿದರೆ ಪೋಷಕಾಂಶ ಹೆಚ್ಚುತ್ತದೆ ಎಂಬ ನಂಬಿಕೆಯಿಂದಲೇ ಬಹಳಷ್ಟು ಸ್ಮೂಥಿಗಳು ಕೆಡುತ್ತವೆ. ಎರಡು ಹಣ್ಣು, ಒಂದು ಸೊಪ್ಪು, ಮೈ (ಅಂದರೆ ಮಂದತನ) ಕೊಡಲು ಒಂದಿಷ್ಟು ಮೊಸರೋ ಬೀಜವೋ ಇದ್ದರೆ ಸಾಕು. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಸ್ಮೂಥಿಗೂ ಜ್ಯೂಸಿಗೂ ಏನು ವ್ಯತ್ಯಾಸ?

ಜ್ಯೂಸ್ ಮಾಡುವಾಗ ರಸ ಹಿಂಡಿಕೊಂಡು ಚರಟ ಎಸೆಯುತ್ತೇವೆ. ಆ ಚರಟದಲ್ಲೇ ನಾರಿನಂಶದ ಬಹುಪಾಲು ಹೊರಟುಹೋಗುತ್ತದೆ. ಸ್ಮೂಥಿಯಲ್ಲಿ ಹಣ್ಣು ಇಡಿಯಾಗಿ ಲೋಟಕ್ಕೆ ಬರುತ್ತದೆ. ಹೀಗಾಗಿ ಹೊಟ್ಟೆ ತುಂಬಿದ ಅನುಭವ ಹೆಚ್ಚು ಹೊತ್ತು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಜೇನುತುಪ್ಪದ ಸಕ್ಕರೆಯನ್ನೂ ನಾವು ಮೇಲಿಂದ ಬೆರೆಸುವ ಸಕ್ಕರೆಯ ಸಾಲಿಗೇ ಸೇರಿಸುತ್ತದೆ. ಇವೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ಅದರ 2015ರ ಸಲಹೆ. ಇಡೀ ಹಣ್ಣಿನೊಳಗಿನ ಸಕ್ಕರೆಗೆ ಈ ಮಿತಿ ಅನ್ವಯಿಸುವುದಿಲ್ಲ. ಹಾಗೆಂದು ಸ್ಮೂಥಿ ಹಣ್ಣು ಜಗಿದು ತಿಂದದ್ದಕ್ಕೆ ಪೂರ್ತಿ ಸಮವಲ್ಲ. ಕುಡಿಯುವುದು ಬೇಗ ಮುಗಿಯುತ್ತದೆ. ಕುಳಿತು ನಿಧಾನವಾಗಿ, ಬೇಕಾದರೆ ಚಮಚದಲ್ಲೇ ಸೇವಿಸಿ.

ಅರೆದರೆ ಜೀವಸತ್ವಗಳು ಹಾಳಾಗುವುದಿಲ್ಲವೇ?

ಒಂದು ನಿಮಿಷ ಅರೆಯುವುದರಿಂದ ಹುಟ್ಟುವ ಶಾಖ ಲೆಕ್ಕಕ್ಕಿಲ್ಲ. ನಿಜವಾದ ಶತ್ರು ಗಾಳಿ. ಹಣ್ಣಿನ ಜೀವಕೋಶಗಳು ಒಡೆದಾಗ ವಿಟಮಿನ್ ಸಿ ಆಮ್ಲಜನಕಕ್ಕೆ ತೆರೆದುಕೊಂಡು ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಹಣ್ಣನ್ನು ಅರೆಯುವ ಸ್ವಲ್ಪ ಮೊದಲು ಹೆಚ್ಚಿಕೊಳ್ಳಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಅರೆಯಬೇಡಿ, ಮಾಡಿದ ಕೂಡಲೇ ಕುಡಿಯಿರಿ. ನಾರು ಮತ್ತು ಖನಿಜಗಳು ಅರೆಯುವುದರಿಂದ ಎಲ್ಲಿಗೂ ಹೋಗುವುದಿಲ್ಲ.

ಒಬ್ಬರಿಗೆ ಅಳತೆ ಎಷ್ಟು?

ಹೆಚ್ಚಿದ ಹಣ್ಣು ಒಂದು ಕಪ್, ದ್ರವ ಮುಕ್ಕಾಲು ಕಪ್, ಮೊಸರು ಹಾಕುವುದಾದರೆ ಅರ್ಧ ಕಪ್, ನೆನೆಸಿದ ಬೀಜ ಒಂದು ದೊಡ್ಡ ಚಮಚ. ಪುದೀನದಂತಹ ಪರಿಮಳದ ಸೊಪ್ಪಾದರೆ ಎಂಟು ಹತ್ತು ಎಲೆ. ಪಾಲಕ್‌ನಂತಹ ಸಪ್ಪೆ ಸೊಪ್ಪಾದರೆ ಒಂದು ಹಿಡಿ. ಮೊಸರು ಹಾಕಿದಾಗ ಬೇರೆ ದ್ರವವನ್ನು ಅರ್ಧಕ್ಕೆ ಇಳಿಸಿ. ದ್ರವವನ್ನು ಮೊದಲು ಕಡಿಮೆಯೇ ಹಾಕಿ, ಬೇಕೆನಿಸಿದರೆ ಮತ್ತೆ ಸೇರಿಸಿ. ನೀರಾದ ಸ್ಮೂಥಿಯನ್ನು ಗಟ್ಟಿ ಮಾಡಲು ಹೊರಟರೆ ಹಣ್ಣು ಸುರಿಯುತ್ತಲೇ ಇರಬೇಕಾಗುತ್ತದೆ.

ಬ್ಲೆಂಡರ್ ಇಲ್ಲ, ಮಿಕ್ಸಿ ಮಾತ್ರ ಇದೆ. ಆಗುತ್ತದೆಯೇ? ಜಾರಿಗೆ ಯಾವುದನ್ನು ಮೊದಲು ಹಾಕಬೇಕು?

ಧಾರಾಳವಾಗಿ ಆಗುತ್ತದೆ. ಕ್ರಮ ಮಾತ್ರ ಮುಖ್ಯ. ತಳಕ್ಕೆ ದ್ರವ ಮತ್ತು ಸೊಪ್ಪು. ಇವೆರಡನ್ನೇ ಮೊದಲು ನುಣ್ಣಗೆ ಅರೆದುಕೊಳ್ಳಿ. ಸೊಪ್ಪನ್ನು ಹಣ್ಣಿನ ಜೊತೆಗೇ ಹಾಕಿದರೆ ಅದು ಹಣ್ಣಿನ ತಿರುಳಿನಲ್ಲಿ ತೇಲಿಕೊಂಡು ಬ್ಲೇಡಿಗೆ ಸಿಗದೆ ಹಲ್ಲಿಗೆ ಸಿಗುತ್ತದೆ. ಬಳಿಕ ಮೆತ್ತನೆಯ ಹಣ್ಣು, ಕೊನೆಗೆ ಫ್ರೀಜರ್‌ನಲ್ಲಿಟ್ಟ ತುಂಡುಗಳು. ಮೊದಲು ಬಿಟ್ಟು ಬಿಟ್ಟು ತಿರುಗಿಸಿ, ಆಮೇಲೆ ವೇಗ ಏರಿಸಿ.

ಜಾರಿನ ಪಾರದರ್ಶಕ ಮುಚ್ಚಳದ ಮೂಲಕ ನೋಡಿ: ನಡುವೆ ಒಂದು ಸುಳಿ ಎದ್ದು, ಮೇಲಿನದು ಸತತವಾಗಿ ಒಳಗೆ ಇಳಿಯುತ್ತಿರಬೇಕು. ಸುಳಿ ನಿಂತುಹೋಗಿ, ಮೋಟಾರಿನ ಸದ್ದು ಮಾತ್ರ ಇದ್ದಕ್ಕಿದ್ದಂತೆ ಹಗುರವಾಗಿ ಏರಿದರೆ ಬ್ಲೇಡಿನ ಸುತ್ತ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಆಗ ವೇಗ ಏರಿಸಿ ಫಲವಿಲ್ಲ. ನಿಲ್ಲಿಸಿ, ಪ್ಲಗ್ ತೆಗೆದು, ಚಮಚದಿಂದ ಕೆದಕಿ, ಎರಡು ಚಮಚ ನೀರು ಸೇರಿಸಿ. ಮಿಕ್ಸಿಯ ಚಿಕ್ಕ ಬ್ಲೇಡಿಗೆ ದೊಡ್ಡ ಮಂಜುಗಡ್ಡೆ ಹಾಕಬೇಡಿ. ತಂಪು ಬೇಕಾದರೆ ಹಣ್ಣನ್ನೇ ಸಣ್ಣ ತುಂಡು ಮಾಡಿ ಹೆಪ್ಪುಗಟ್ಟಿಸಿಕೊಳ್ಳಿ. ಬಿಸಿಯಾದ ದ್ರವವನ್ನಂತೂ ಮುಚ್ಚಿದ ಜಾರಿಗೆ ಎಂದಿಗೂ ಹಾಕಬಾರದು. ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮೈಕೈ ಸುಡುತ್ತದೆ.

ಯಾವ ಹಣ್ಣಿಗೆ ಯಾವ ಸೊಪ್ಪು ಹೊಂದುತ್ತದೆ?

ಸ್ಮೂಥಿಯ ನಿಜವಾದ ಸ್ವಾರಸ್ಯ ಇರುವುದೇ ಇಲ್ಲಿ. ಹಣ್ಣು ಸಿಹಿ ಮತ್ತು ಹುಳಿ ಕೊಡುತ್ತದೆ. ಆ ಸಿಹಿಗೆ ಅಂಚು ಕೊಡುವುದು ಸೊಪ್ಪಿನ ಪರಿಮಳ. ಪುದೀನ ಎಲ್ಲರಿಗೂ ಸ್ನೇಹಿತ: ಕಲ್ಲಂಗಡಿ, ಅನಾನಸ್, ಮಾವು, ಸೌತೆಕಾಯಿ ಯಾವುದರ ಜೊತೆಗೂ ನಿಲ್ಲುತ್ತದೆ. ಪುದೀನದ ಎಲೆ ಮಾತ್ರ ಬಿಡಿಸಿಕೊಳ್ಳಿ, ಕಡ್ಡಿ ಕಹಿ. ಕೊತ್ತಂಬರಿಯದು ಇದಕ್ಕೆ ತದ್ವಿರುದ್ಧ, ಎಳೆಯ ದಂಟಿನಲ್ಲೇ ಘಮ ಹೆಚ್ಚು. ಅದಕ್ಕೆ ಅನಾನಸ್ ಅಥವಾ ಸೇಬು, ಮೇಲೆ ಅರ್ಧ ಹೋಳು ನಿಂಬೆ. ಕೆಲವರಿಗೆ ಕೊತ್ತಂಬರಿ ಸಾಬೂನಿನಂತೆ ಅನಿಸುವುದುಂಟು. ಅದು ನಖರೆಯಲ್ಲ, ಸೊಪ್ಪಿನಲ್ಲಿರುವ ಆಲ್ಡಿಹೈಡ್‌ಗಳ ವಾಸನೆ ಹಿಡಿಯುವ ಜೀನಿನಲ್ಲಿನ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆ. ಅಂಥವರಿಗೆ ಒತ್ತಾಯ ಮಾಡಬೇಡಿ.

ಕಾಮಕಸ್ತೂರಿ ಎಲೆ ಸ್ಟ್ರಾಬೆರಿಗೆ ಹೇಳಿ ಮಾಡಿಸಿದ ಜೋಡಿ. ತುಳಸಿ ಖಾರ, ಒಂದು ಲೋಟಕ್ಕೆ ನಾಲ್ಕು ಎಲೆ ದಾಟಿದರೆ ಕಷಾಯದ ನೆನಪು ಬರುತ್ತದೆ. ಅದನ್ನು ಕಿತ್ತಳೆಯ ಜೊತೆ ಹಾಕಿ. ಸಬ್ಬಸಿಗೆ ಸೊಪ್ಪನ್ನು ಸಿಹಿ ಹಣ್ಣಿಗೆ ಸೇರಿಸಲು ಹೋಗಬೇಡಿ, ಸೌತೆಕಾಯಿ ಮತ್ತು ಮೊಸರಿನ ಜೊತೆ ಅದು ಸೊಗಸು. ಮಜ್ಜಿಗೆಹುಲ್ಲನ್ನು ಅರೆಯಲೇಬಾರದು. ಎಷ್ಟು ಅರೆದರೂ ಅದರ ನಾರು ಗಂಟಲಿಗೆ ತೊಡರುತ್ತದೆ. ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಪೂರ್ತಿ ಆರಿಸಿ, ಆ ನೀರನ್ನೇ ದ್ರವವಾಗಿ ಬಳಸಿ. ರೋಸ್‌ಮರಿಗೂ ಇದೇ ದಾರಿ.

ಶುಂಠಿ ಬೆರಳಿನ ಉಗುರಿನಷ್ಟು ಸಾಕು. ಹಸಿ ಅರಿಶಿನವೂ ಅಷ್ಟೇ. ಅದರ ಜೊತೆ ಒಂದು ಚಿಟಿಕೆ ಕಾಳುಮೆಣಸು ಮತ್ತು ಸ್ವಲ್ಪ ಕೊಬ್ಬಿನಂಶ ಇದ್ದರೆ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ದೇಹಕ್ಕೆ ಹೆಚ್ಚು ಹೀರಿಕೆಯಾಗುತ್ತದೆ.

ಎರಡು ಪರಿಮಳದ ಸೊಪ್ಪುಗಳನ್ನು ಒಂದೇ ಲೋಟಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಪುದೀನ, ತುಳಸಿ ಎರಡೂ ಇದ್ದರೆ ನಾಲಗೆಗೆ ಪುದೀನವೂ ಸಿಗುವುದಿಲ್ಲ, ತುಳಸಿಯೂ ಸಿಗುವುದಿಲ್ಲ.

ಸೊಪ್ಪನ್ನು ತೊಳೆಯುವುದು ಹೇಗೆ? ನಲ್ಲಿಯ ಕೆಳಗೆ ಹಿಡಿದರೆ ಸಾಲದೇ?

ಸಾಲದು. ಇಲ್ಲಿ ಸೊಪ್ಪು ಬೇಯುವುದಿಲ್ಲ, ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತದೆ. ಅಗಲ ಪಾತ್ರೆಯ ತುಂಬ ನೀರು ತೆಗೆದುಕೊಂಡು ಸೊಪ್ಪನ್ನು ಮುಳುಗಿಸಿ ಕೈಯಿಂದ ಅಲುಗಾಡಿಸಿ. ಮಣ್ಣು ತಳಕ್ಕಿಳಿಯುತ್ತದೆ. ಆಮೇಲೆ ಸೊಪ್ಪನ್ನು ಕೈಯಲ್ಲಿ ಎತ್ತಿ ತೆಗೆಯಿರಿ. ಪಾತ್ರೆಯನ್ನೇ ಬಗ್ಗಿಸಿ ಸೋಸಿದರೆ ತಳದ ಮಣ್ಣೆಲ್ಲ ಮತ್ತೆ ಎಲೆಯ ಮೇಲೆ ಕೂರುತ್ತದೆ. ತಳದಲ್ಲಿ ಮಣ್ಣು ಕಾಣದಾಗುವವರೆಗೂ ನೀರು ಬದಲಿಸಿ. ಸಾಬೂನು, ಪಾತ್ರೆ ತೊಳೆಯುವ ದ್ರವ ಬಳಸಬೇಡಿ. ಸಿಪ್ಪೆ ತೆಗೆಯುವ ಹಣ್ಣನ್ನೂ ಮೊದಲು ತೊಳೆಯಬೇಕು, ಇಲ್ಲದಿದ್ದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ತಲುಪಿಸುತ್ತದೆ. ಗುರುತು ಖಚಿತವಿಲ್ಲದ ಎಲೆಯನ್ನು ಮೂಲಿಕೆ ಎಂದು ಊಹಿಸಿ ಜಾರಿಗೆ ಹಾಕಬಾರದು.

ಅನಾನಸ್ ಮತ್ತು ಹಾಲಿನ ಸ್ಮೂಥಿ ಸ್ವಲ್ಪ ಹೊತ್ತಿಗೆ ಕಹಿಯಾಯಿತು. ಯಾಕೆ?

ಅನಾನಸ್‌ನಲ್ಲಿ ಬ್ರೊಮಿಲೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳ ರುಚಿ ಕಹಿ. ಪರಂಗಿಯ ಪಪೈನ್, ಕಿವಿ ಹಣ್ಣಿನ ಆಕ್ಟಿನಿಡಿನ್ ಮಾಡುವುದೂ ಇದೇ ಕೆಲಸ. ಹಸಿ ಶುಂಠಿಯಲ್ಲೂ ಇಂಥ ಕಿಣ್ವ ಉಂಟು. ಅರೆದ ತಕ್ಷಣ ಕುಡಿದರೆ ಕಹಿ ಗೊತ್ತಾಗುವುದಿಲ್ಲ, ಇಟ್ಟಷ್ಟೂ ಏರುತ್ತದೆ. ಕಾಯ್ದಿಟ್ಟು ಕುಡಿಯುವುದಾದರೆ ಈ ಹಣ್ಣುಗಳಿಗೆ ನೀರು, ಎಳನೀರು ಅಥವಾ ಕಿತ್ತಳೆ ರಸ ಬಳಸಿ. ಅನಾನಸ್ ತುಂಡುಗಳನ್ನು ಕೆಲವು ನಿಮಿಷ ಬೇಯಿಸಿ ಆರಿಸಿಕೊಂಡರೂ ಕಿಣ್ವ ನಿಷ್ಕ್ರಿಯವಾಗುತ್ತದೆ. ಡಬ್ಬಿಯ ಅನಾನಸ್ ಕಹಿಯಾಗದಿರುವುದಕ್ಕೂ ಇದೇ ಕಾರಣ, ತಯಾರಿಯಲ್ಲೇ ಅದು ಬಿಸಿಯಾಗಿರುತ್ತದೆ.

ಹುಳಿ ಹಣ್ಣಿಗೆ ಹಾಲು ಒಡೆಯುವುದು ಬೇರೆ ಸಂಗತಿ. ಆಮ್ಲದ ಪ್ರಮಾಣ ಏರಿದಂತೆ ಅದರ ಅಳತೆಯಾದ ಪಿಎಚ್ ಇಳಿದು 4.6ರ ಹತ್ತಿರ ಬಂದಾಗ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಗಟ್ಟಿಯಾಗಿ ಬೇರ್ಪಡುತ್ತದೆ. ತಾಜಾ ಹಾಲಾಗಿದ್ದರೆ ಇದರಿಂದ ಅಪಾಯವಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಮೊಸರು ಆಗಲೇ ಹೆಪ್ಪಾಗಿರುವುದರಿಂದ ಕಿತ್ತಳೆ, ಸ್ಟ್ರಾಬೆರಿಗೆ ಮೊಸರೇ ಸರಿ.

ಎಲ್ಲ ಸ್ಮೂಥಿಗೂ ಬಾಳೆಹಣ್ಣು ಹಾಕಬಹುದೇ?

ಬಾಳೆಹಣ್ಣು ಮೈ ಕೊಡುತ್ತದೆ, ಸಿಹಿ ಕೊಡುತ್ತದೆ, ಪೊಟ್ಯಾಸಿಯಂ ಕೊಡುತ್ತದೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಬಿದ್ದ ಹಣ್ಣಿನಲ್ಲಿ ಪಿಷ್ಟ ಸಕ್ಕರೆಯಾಗಿ ಮಾರ್ಪಟ್ಟಿರುವುದರಿಂದ ಬೇರೆ ಸಿಹಿಯೇ ಬೇಡ. ಆದರೆ ಹೆಚ್ಚಿಟ್ಟ ಬಾಳೆಹಣ್ಣು ಕಪ್ಪಾಗುವುದಕ್ಕೆ ಕಾರಣವಾದ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಅದರಲ್ಲಿ ಹೇರಳವಾಗಿದೆ. ಬೆರ್ರಿ, ಸೇಬು, ದ್ರಾಕ್ಷಿ, ಕೋಕೋಗಳಲ್ಲಿರುವ ಫ್ಲೇವನಾಲ್ ಎಂಬ ಉಪಯುಕ್ತ ಅಂಶವನ್ನು ಈ ಕಿಣ್ವ ಕೆಡಿಸುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಳೆಹಣ್ಣಿನ ಸ್ಮೂಥಿ ಕುಡಿದಾಗ ದೇಹಕ್ಕೆ ಸೇರಿದ ಫ್ಲೇವನಾಲ್, ಅದನ್ನೇ ಕ್ಯಾಪ್ಸೂಲ್ ರೂಪದಲ್ಲಿ ತೆಗೆದುಕೊಂಡಾಗಿನದಕ್ಕಿಂತ ಶೇ. 84ರಷ್ಟು ಕಡಿಮೆಯಿತ್ತು. ಬೆರ್ರಿಗಳ ಸ್ಮೂಥಿಯಲ್ಲಿ ಇಂಥ ಕುಸಿತ ಕಾಣಲಿಲ್ಲ.

ಇದರಿಂದ ಬಾಳೆಹಣ್ಣು ಕೆಟ್ಟದ್ದಾಗಲಿಲ್ಲ. ಓಟ್ಸ್, ಹಾಲು, ಶೇಂಗಾ ಜೊತೆ ಅದನ್ನು ಧಾರಾಳವಾಗಿ ಬಳಸಿ. ಬೆರ್ರಿ ಮತ್ತು ಕೋಕೋ ಇರುವ ದಿನ ಮಾತ್ರ ಮೈಗಾಗಿ ಮಾವು, ಮೊಸರು ಅಥವಾ ಅನಾನಸ್ ಕಡೆಗೆ ತಿರುಗಿ.

ಸ್ಮೂಥಿ ಕೆಸರಿನ ಬಣ್ಣಕ್ಕೆ ಬರುತ್ತದೆ, ಏನು ಮಾಡಲಿ?

ಹಸಿರು ಸೊಪ್ಪು ಮತ್ತು ಕೆಂಪು ಅಥವಾ ನೇರಳೆ ಹಣ್ಣು ಸೇರಿದರೆ ಕಂದು ಬಣ್ಣ ಖಚಿತ. ಹಸಿರಿನ ಜೊತೆ ಹಳದಿ ಅಥವಾ ಬಿಳಿ ತಿರುಳಿನ ಹಣ್ಣನ್ನೇ ಹಾಕಿ: ಮಾವು, ಅನಾನಸ್, ಸೀಬೆ, ಸೇಬು. ಸೇಬು ಕಂದಾಗದಿರಲು ಅರೆಯುವಾಗಲೇ ಒಂದು ಚಮಚ ನಿಂಬೆರಸ ಹಿಂಡಿ.

ಸಕ್ಕರೆ ಬದಲು ಜೇನುತುಪ್ಪ, ಬೆಲ್ಲ ಹಾಕಿದರೆ ಒಳ್ಳೆಯದಲ್ಲವೇ?

ರುಚಿಗೆ ಒಳ್ಳೆಯದು, ಆದರೆ ದೇಹದ ಲೆಕ್ಕದಲ್ಲಿ ಅವೂ ಸಕ್ಕರೆಯೇ. ಹಣ್ಣು ಪೂರ್ತಿ ಮಾಗಿದ್ದರೆ ಯಾವುದೂ ಬೇಡ. ಸಪ್ಪೆ ಅನಿಸಿದಾಗ ಮೊದಲು ಒಂದು ಚಿಟಿಕೆ ಉಪ್ಪು ಅಥವಾ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ. ಹಣ್ಣಿನ ಸ್ವಂತ ಸಿಹಿ ಎದ್ದು ಬರುತ್ತದೆ. ಆಮೇಲೂ ಬೇಕೆನಿಸಿದರೆ ನೆನೆಸಿದ ಖರ್ಜೂರ ಒಂದು.

ಅಗಸೆ, ಚಿಯಾ ಬೀಜಗಳನ್ನು ಹೇಗೆ ಬಳಸಬೇಕು?

ಅಗಸೆಯನ್ನು ಪುಡಿ ಮಾಡಿಯೇ ಬಳಸಿ. ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಪುಡಿ ಬೇಗ ಕಮಟು ಹಿಡಿಯುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ. ಚಿಯಾ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಹೀರುತ್ತದೆ, ಇಪ್ಪತ್ತು ನಿಮಿಷ ನೆನೆಸಿದ ಮೇಲೆಯೇ ಸೇರಿಸಿ. ಒಣಗಿದ್ದನ್ನು ನುಂಗಿದರೆ ಗಂಟಲಿನಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಈ ಬೀಜಗಳು, ಬಾದಾಮಿ, ಬೆಣ್ಣೆಹಣ್ಣು ಇವುಗಳಲ್ಲಿರುವ ಕೊಬ್ಬಿಗೆ ಇನ್ನೊಂದು ಕೆಲಸವೂ ಇದೆ. ಮಾವು, ಪರಂಗಿಯ ಬೀಟಾ ಕ್ಯಾರೊಟಿನ್ ಮತ್ತು ಸೊಪ್ಪಿನ ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥವು. ಜೊತೆಗೆ ಸ್ವಲ್ಪ ಕೊಬ್ಬಿದ್ದರೆ ಅವು ಚೆನ್ನಾಗಿ ಹೀರಿಕೆಯಾಗುತ್ತವೆ.

ಸಿಪ್ಪೆ, ಬೀಜ ತೆಗೆಯಬೇಕೇ?

ಸೇಬಿನ ಸಿಪ್ಪೆ ಇರಲಿ, ಬೀಜ ತೆಗೆಯಿರಿ. ಸೇಬಿನ ಬೀಜದಲ್ಲಿ, ಪೀಚ್, ಏಪ್ರಿಕಾಟ್, ಚೆರಿಗಳ ಓಟೆಯೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಇದೆ. ಅರೆದಾಗ ಅದರಿಂದ ಸೈನೈಡ್ ಬಿಡುಗಡೆಯಾಗುತ್ತದೆ. ಅಪ್ಪಿತಪ್ಪಿ ಒಂದೆರಡು ಸೇಬಿನ ಬೀಜ ಬಿದ್ದರೆ ಗಾಬರಿ ಬೇಡ, ರೂಢಿ ಮಾತ್ರ ಮಾಡಿಕೊಳ್ಳಬೇಡಿ. ಮಾವಿನ ಸಿಪ್ಪೆ ಕೆಲವರಿಗೆ ಅಲರ್ಜಿ ತರುತ್ತದೆ, ಬೇಡ. ಕಿತ್ತಳೆಯ ಬಿಳಿ ತೊಗಟೆ, ಬೀಜ ಎರಡೂ ಕಹಿ. ಅರೆದ ಸ್ವಲ್ಪ ಹೊತ್ತಿನ ಮೇಲೆ ಆ ಕಹಿ ಇನ್ನಷ್ಟು ಏರುತ್ತದೆ. ಸೀಬೆಯನ್ನು ನೀರಿನೊಂದಿಗೆ ಮೊದಲು ಅರೆದು ಜರಡಿಯಲ್ಲಿ ಸೋಸಿಕೊಳ್ಳಿ, ಅದರ ಬೀಜ ಯಾವ ಬ್ಲೇಡಿಗೂ ಬಗ್ಗುವುದಿಲ್ಲ. ಈ ಶ್ರಮ ವ್ಯರ್ಥವಲ್ಲ: 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕಿತ್ತಳೆಯಲ್ಲಿ ಇರುವುದು ಸುಮಾರು 50. ಸೊಪ್ಪಿನ ಕಬ್ಬಿಣ ದೇಹಕ್ಕೆ ಸೇರಲು ಈ ವಿಟಮಿನ್ ನೆರವಾಗುತ್ತದೆ.

ದಿನವೂ ಪಾಲಕ್ ಸ್ಮೂಥಿ ಕುಡಿಯಬಹುದೇ?

ದಿನವೂ ಹಸಿ ಪಾಲಕ್ ಬೇಡ ಎನ್ನುತ್ತೇನೆ. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ. ಒಮ್ಮೆ ಕಲ್ಲಾದವರು ಇದರಿಂದ ದೂರವಿರುವುದು ಲೇಸು. ಉಳಿದವರು ವಾರದಲ್ಲಿ ಒಂದೆರಡು ಸಲ, ಒಂದು ಹಿಡಿ ಬಳಸಿ, ಜೊತೆಗೆ ಮೊಸರು ಹಾಕಿ. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ. ಉಳಿದ ದಿನಗಳಿಗೆ ಲೆಟಿಸ್, ಪುದೀನ, ಕೊತ್ತಂಬರಿ ಇವೆ.

ಊಟದ ಬದಲು ಸ್ಮೂಥಿ ಕುಡಿದರೆ ಸಾಕೇ?

ಬರೀ ಹಣ್ಣು ಮತ್ತು ನೀರಿನದಾದರೆ ಸಾಲದು, ಪ್ರೋಟೀನ್ ಇಲ್ಲದ ಲೋಟಕ್ಕೆ ಬೇಗ ಹಸಿವಾಗುತ್ತದೆ. ಒಂದು ಲೆಕ್ಕ ನೋಡಿ. ಮಧ್ಯಮ ಗಾತ್ರದ ಬಾಳೆಹಣ್ಣು ಸುಮಾರು 105 ಕ್ಯಾಲೊರಿ, 250 ಮಿಲಿಲೀಟರ್ ಕೆನೆ ಹಾಲು ಸುಮಾರು 150, ಒಂದು ದೊಡ್ಡ ಚಮಚ ಪೀನಟ್ ಬಟರ್ ಸುಮಾರು 95. ಒಟ್ಟು 350ರ ಆಸುಪಾಸು, ಪ್ರೋಟೀನ್ ಹನ್ನೆರಡು ಹದಿಮೂರು ಗ್ರಾಂ. ಬೆಳಗಿನ ತಿಂಡಿಗೆ ಇದು ನಡೆಯುತ್ತದೆ. ಇದಕ್ಕೊಂದು ದೊಡ್ಡ ಚಮಚ ಜೇನು ಬಿದ್ದರೆ 400 ದಾಟುತ್ತದೆ. ಇದೇ ಲೋಟವನ್ನು ಊಟದ ಜೊತೆಗೆ ಕುಡಿದು ತೂಕ ಯಾಕೆ ಇಳಿಯುತ್ತಿಲ್ಲ ಎಂದು ಕೇಳುವವರು ಬಹಳ ಮಂದಿ. ಇದು ಊಟದ ಪಕ್ಕದ ಪಾನೀಯವಲ್ಲ, ತಾನೇ ಒಂದು ಆಹಾರ.

ದೇಹದ ವಿಷ ತೆಗೆಯುವ ಹಸಿರು ಸ್ಮೂಥಿ ಯಾವುದು?

ಅಂಥದ್ದು ಇಲ್ಲ. ಆ ಕೆಲಸ ಮಾಡುವುದು ಯಕೃತ್ತು ಮತ್ತು ಮೂತ್ರಪಿಂಡ. ದಿನಗಟ್ಟಲೆ ಸ್ಮೂಥಿ ಮಾತ್ರ ಕುಡಿದು ಉಪವಾಸ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮಧುಮೇಹ ಇರುವವರು ಕುಡಿಯಬಹುದೇ?

ಅಳತೆಯಲ್ಲಿದ್ದರೆ ಕುಡಿಯಬಹುದು. ಒಂದು ಲೋಟಕ್ಕೆ ಒಂದೇ ಹಣ್ಣು, ಅದೂ ಸೀಬೆ, ಸೇಬು, ಬೆರ್ರಿಯಂಥದ್ದು. ಜೊತೆಗೆ ಸಿಹಿಯಿಲ್ಲದ ಮೊಸರು, ಅಗಸೆ ಪುಡಿ, ಸೊಪ್ಪು. ಹಣ್ಣಿನ ರಸವನ್ನು ದ್ರವವಾಗಿ ಬಳಸಬೇಡಿ. ಒಬ್ಬೊಬ್ಬರ ದೇಹ ಒಂದೊಂದು ರೀತಿ ಸ್ಪಂದಿಸುತ್ತದೆ. ಕುಡಿದ ಎರಡು ಗಂಟೆಯ ನಂತರ ಗ್ಲುಕೋಮೀಟರ್ ಹೇಳುವುದನ್ನೇ ನಂಬಿ, ವೈದ್ಯರಿಗೂ ತಿಳಿಸಿ.

ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಮಕ್ಕಳು ಏನು ಗಮನಿಸಬೇಕು?

ಈ ಉತ್ತರವನ್ನು ದಯವಿಟ್ಟು ಹಾರಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಸ್ಮೂಥಿಯನ್ನು ಇದ್ದಕ್ಕಿದ್ದಂತೆ ಆರಂಭಿಸಲೂಬಾರದು, ನಿಲ್ಲಿಸಲೂಬಾರದು. ಸೊಪ್ಪಿನ ವಿಟಮಿನ್ ಕೆ ಔಷಧಿಯ ಪರಿಣಾಮವನ್ನು ಏರುಪೇರು ಮಾಡುತ್ತದೆ. ಗ್ರೇಪ್‌ಫ್ರೂಟ್ ಕೆಲವು ಕೊಲೆಸ್ಟ್ರಾಲ್ ಮತ್ತು ರಕ್ತದೊತ್ತಡದ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಬಾಳೆಹಣ್ಣು, ಕಿತ್ತಳೆ, ಎಳನೀರಿನ ಪೊಟ್ಯಾಸಿಯಂ ಹೊರೆಯಾಗಬಹುದು. ಸ್ಟಾರ್ ಫ್ರೂಟ್ ಎಂದೂ ಕರೆಯುವ ಧಾರೆಹುಳಿಯನ್ನು ಅವರು ಮುಟ್ಟಲೇಬಾರದು. ಅದರಲ್ಲಿರುವ ನರಗಳಿಗೆ ವಿಷವಾಗುವ ಅಂಶವನ್ನು ದುರ್ಬಲ ಮೂತ್ರಪಿಂಡ ಹೊರಹಾಕಲಾರದು, ಪ್ರಾಣಕ್ಕೇ ಸಂಚಕಾರ ಬಂದದ್ದುಂಟು.

ಗರ್ಭಿಣಿಯರು ಕಾಯಿಸದ ಹಾಲು, ಪರಂಗಿಕಾಯಿ, ಲೋಳೆಸರ ಬಿಡಲಿ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ತೀವ್ರ ಭೇದಿ ಮಾಡಿಸುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಬೇಡ, ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆಯ ಅಪಾಯವಿದೆ. ಮಕ್ಕಳ ಲೋಟಕ್ಕೆ ಬಾದಾಮಿ, ಶೇಂಗಾ ಹಾಕುವ ಮುನ್ನ ಅಲರ್ಜಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ರಾತ್ರಿಯೇ ಮಾಡಿಟ್ಟುಕೊಳ್ಳಬಹುದೇ?

ಮಾಡಿಡುವುದಕ್ಕಿಂತ ಸಿದ್ಧಪಡಿಸಿಡುವುದು ಮೇಲು. ಹಣ್ಣನ್ನು ತುಂಡು ಮಾಡಿ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಚೀಲಕ್ಕೆ ತುಂಬಿಡಿ. ನೇರವಾಗಿ ಚೀಲಕ್ಕೆ ಹಾಕಿದರೆ ಎಲ್ಲವೂ ಒಂದೇ ಬಂಡೆಯಾಗುತ್ತದೆ. ಸೊಪ್ಪನ್ನು ಸ್ವಲ್ಪ ನೀರಿನೊಂದಿಗೆ ಅರೆದು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಒಂದು ಲೋಟಕ್ಕೆ ಎರಡು ಗಡ್ಡೆ. ಬೆಳಿಗ್ಗೆ ದ್ರವ ಸುರಿದು ಅರೆಯುವುದಷ್ಟೇ ಉಳಿಯುತ್ತದೆ.

ಮಾಡಿಯೇ ಇಡಬೇಕಾದರೆ ಗಾಜಿನ ಸೀಸೆಗೆ ಗಾಳಿಗೆ ಜಾಗವಿಲ್ಲದಂತೆ ಬಾಯಿಮಟ್ಟ ತುಂಬಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಂಪಿನ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಹೊರಗೆ ಎರಡು ಗಂಟೆ ಮೀರಿ ಉಳಿದದ್ದನ್ನು ಚೆಲ್ಲಿಬಿಡಿ. ಫ್ರಿಜ್‌ನಲ್ಲಿ ನೀರು ಕೆಳಗೆ, ತಿರುಳು ಮೇಲೆ ಬೇರ್ಪಟ್ಟಿದ್ದರೆ ಅದು ಕೆಟ್ಟ ಲಕ್ಷಣವಲ್ಲ, ಕುಲುಕಿದರೆ ಒಂದಾಗುತ್ತದೆ. ಗುಳ್ಳೆ ಏಳುತ್ತಿದ್ದರೆ, ಹುಳಿ ಹೆಂಡದ ವಾಸನೆ ಬಂದರೆ ಕುಡಿಯಬೇಡಿ.

ಹಲ್ಲಿಗೆ ತೊಂದರೆಯೇ?

ಹುಳಿ ಹಣ್ಣಿನ ಆಮ್ಲ ಹಲ್ಲಿನ ಹೊರಪದರವನ್ನು ತಾತ್ಕಾಲಿಕವಾಗಿ ಮೆತ್ತಗಾಗಿಸುತ್ತದೆ. ಗಂಟೆಗಟ್ಟಲೆ ಗುಟುಕರಿಸುತ್ತಾ ಕೂರಬೇಡಿ. ಕುಡಿದಾದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಿ.

ಮೊದಲ ಸಲ ಮಾಡುವವರಿಗೆ ಒಂದು ವಿಧಾನ ಹೇಳಿ.

ಮಾವಿನ ತುಂಡು ಒಂದು ಕಪ್, ಗಟ್ಟಿ ಮೊಸರು ಅರ್ಧ ಕಪ್, ನೀರು ಅರ್ಧ ಕಪ್‌ಗಿಂತ ಸ್ವಲ್ಪ ಕಡಿಮೆ, ಪುದೀನ ಎಂಟು ಎಲೆ, ಉಗುರಿನಷ್ಟು ಶುಂಠಿ, ಒಂದು ಚಮಚ ಅಗಸೆ ಪುಡಿ, ಚಿಟಿಕೆ ಉಪ್ಪು. ನೀರು, ಪುದೀನ, ಶುಂಠಿ ಮೊದಲು ಅರೆಯಿರಿ. ತಿಳಿಹಸಿರು ನೀರಿನಲ್ಲಿ ಎಲೆಯ ಚೂರು ಕಾಣದಂತಾಗಬೇಕು. ಆಮೇಲೆ ಉಳಿದದ್ದು ಹಾಕಿ ಅರ್ಧ ನಿಮಿಷ. ಒಂದು ಚಮಚ ಬಾಯಿಗೆ ಹಾಕಿ ನೋಡಿ: ಮೊದಲು ಮಾವು, ನುಂಗಿದ ಮೇಲೆ ಪುದೀನದ ತಂಪು ಬರಬೇಕು. ಪುದೀನವೇ ಮುಂದೆ ಬಂದರೆ ಮುಂದಿನ ಸಲ ಎರಡು ಎಲೆ ಕಡಿಮೆ ಮಾಡಿ. ಮಾವಿನ ಕಾಲವಲ್ಲದಾಗ ಪರಂಗಿ ಹಾಕಬಹುದು, ಆದರೆ ಮೊಸರಿರುವುದರಿಂದ ಇಡದೆ ತಕ್ಷಣ ಕುಡಿಯಿರಿ.

ಜಾರಿಗೆ ಅಂಟಿದ್ದು ಹೋಗುವುದಿಲ್ಲ, ವಾಸನೆಯೂ ಉಳಿಯುತ್ತದೆ.

ಒಣಗಲು ಬಿಟ್ಟರೆ ಹಾಗಾಗುತ್ತದೆ, ಅಗಸೆಯ ಅಂಟಂತೂ ಬಿಡುವುದೇ ಇಲ್ಲ. ಲೋಟಕ್ಕೆ ಬಗ್ಗಿಸಿದ ಕೂಡಲೇ ಜಾರಿಗೆ ಅರ್ಧದಷ್ಟು ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ಸೆಕೆಂಡು ತಿರುಗಿಸಿ. ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ಬಹುಪಾಲು ವಾಸನೆ ಅಡಗಿರುವುದು ಅದರ ಸಂದಿಯಲ್ಲೇ. ಎಲ್ಲವನ್ನೂ ಮುಚ್ಚಳ ಹಾಕದೆ ಬೋರಲಾಗಿಟ್ಟು ಒಣಗಿಸಿ.